ದೊಡ್ಡಪ್ಪ ಕಳಿಸಿದ ನಂಬರು

ಗುಂಪು: ಮೂಲಮನೆ ಬಳಗ

ದೊಡ್ಡಪ್ಪ, ತೀರ್ಥಹಳ್ಳಿ – ಬೆಳಿಗ್ಗೆ 9:40
ಫಾರ್ವರ್ಡ್ ಮಾಡಲಾಗಿದೆ: ಕಂಪ್ಯೂಟರಿನ ಪರದೆ ನೀಲಿಯಾಗಿ, ಸೈರನ್ ಕೂಗಿ, "ವೈರಸ್ ತಗುಲಿದೆ" ಎಂದು ಬಂದರೆ ಆರಿಸಬೇಡಿ. ಆರಿಸಿದರೆ ಎಲ್ಲವೂ ಅಳಿಸಿಹೋಗುತ್ತದೆ. ಕೂಡಲೇ ಚಿತ್ರದಲ್ಲಿರುವ ಮೈಕ್ರೋಸಾಫ್ಟ್ ಉಚಿತ ಸಹಾಯವಾಣಿಗೆ ಕರೆ ಮಾಡಿ. ಹತ್ತು ಜನರಿಗೆ ತಲುಪಿಸಿ.

ನಾನು – 10:25
ದೊಡ್ಡಪ್ಪ, ದಯವಿಟ್ಟು ಇದನ್ನು ಅಳಿಸಿ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರೇ ಇರುವುದಿಲ್ಲ. ನಂಬರು ಕಂಡರೆ ಅದು ಕಳ್ಳರದ್ದು. ಸೈರನ್ ಕೂಗುವುದು ಬ್ರೌಸರಿನಲ್ಲಿ ತೆರೆದುಕೊಂಡ ಒಂದು ಪುಟ, ಅಷ್ಟೇ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದರೆ ಪರದೆ ತುಂಬಿದ ಪುಟ ಚಿಕ್ಕದಾಗುತ್ತದೆ, ಆಮೇಲೆ ಮುಚ್ಚಬಹುದು. ಆಗದಿದ್ದರೆ ಕಂಪ್ಯೂಟರನ್ನೇ ಆರಿಸಿ. ಉಳಿಸಿಟ್ಟ ಕಡತ ಯಾವುದೂ ಅಳಿಸಿಹೋಗುವುದಿಲ್ಲ.

ದೊಡ್ಡಪ್ಪ, ತೀರ್ಥಹಳ್ಳಿ
ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಕಳಿಸಿದ್ದು. ನಾಲ್ಕು ಜನರಿಗೆ ಒಳ್ಳೆಯದಾಗಲಿ ಎಂದು ಹಾಕಿದರೆ ಎಲ್ಲರೆದುರು ಹೀಗೆ ಹೇಳುವುದೇ?

ಚಿಕ್ಕಪ್ಪ, ಹೊಸನಗರ
ಅಣ್ಣ ಹಾಕಿದ್ದರಲ್ಲಿ ತಪ್ಪೇನು? ಈ ಮಳೆಯಲ್ಲಿ ನಮ್ಮ ಮನೆಗೆ ರಿಪೇರಿಯವನು ಬರಬೇಕಾದರೆ ವಾರ ಹಿಡಿಯುತ್ತದೆ. ಕೂತಲ್ಲೇ ಸರಿಮಾಡಿಕೊಡುತ್ತೇನೆ ಎನ್ನುವವನನ್ನು ಬೇಡ ಎನ್ನುವುದೇಕೆ?

ನಾನು
ರಿಪೇರಿಯವನು ಬರುವುದಿಲ್ಲ ಎನ್ನುವುದೇ ಅವರಿಗೆ ಬಂಡವಾಳ, ಚಿಕ್ಕಪ್ಪ. ನಮ್ಮ ಪಕ್ಕದ ಮನೆಯಲ್ಲಿ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಫೋನಿನಲ್ಲಿದ್ದವನದು ಬಹಳ ವಿನಯದ ಮಾತು. ದೂರದಿಂದಲೇ ಕಂಪ್ಯೂಟರ್ ನಡೆಸುವ ಒಂದು ಆಪ್ ಹಾಕಿಸಿ, ಅದರಲ್ಲಿ ಕಾಣುವ ಅಂಕಿಗಳನ್ನು ಓದಿ ಹೇಳಿ ಎಂದ. ಹೇಳಿದ್ದೇ ತಡ, ಮೌಸಿನ ಬಾಣ ತಾನಾಗಿ ಓಡಾಡತೊಡಗಿತು. ಈವೆಂಟ್ ವ್ಯೂವರ್ ಎಂಬ ಪುಟ ತೆರೆದು, ಸಾಲುಗಟ್ಟಿದ ಕೆಂಪು, ಹಳದಿ ಗುರುತುಗಳನ್ನು ತೋರಿಸಿ "ಇಷ್ಟೂ ವೈರಸ್ಸೇ" ಎಂದ. ಮನೆಗೆ ಬಂದು ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಅದೇ ಪುಟ ತೆರೆದೆ. ಅಲ್ಲೂ ಅಷ್ಟೇ ಕೆಂಪು! ಅದು ಯಂತ್ರ ಬರೆದಿಟ್ಟುಕೊಳ್ಳುವ ದಿನಚರಿ. ಸಣ್ಣಪುಟ್ಟ ತಡೆಗಳೂ ಅದರಲ್ಲಿ ದೋಷವೆಂದೇ ದಾಖಲಾಗುತ್ತವೆ.

ದೊಡ್ಡಪ್ಪ, ತೀರ್ಥಹಳ್ಳಿ
ಎನಿಡೆಸ್ಕ್ ತಾನೇ? ನಿನ್ನ ತಮ್ಮ ಬೆಂಗಳೂರಿನಲ್ಲಿ ಕೂತು ಅದರಲ್ಲೇ ನನ್ನ ಪ್ರಿಂಟರ್ ಸರಿಮಾಡಿದನಲ್ಲ. ಅವನೂ ಕಳ್ಳನೇ?

ನಾನು
ಆಪಿನಲ್ಲಿ ದೋಷವಿಲ್ಲ ದೊಡ್ಡಪ್ಪ. ಮನೆಯ ಬೀಗದ ಕೈ ಇದ್ದ ಹಾಗೆ ಅದು, ಯಾರ ಕೈಗೆ ಕೊಡುತ್ತೇವೆ ಎನ್ನುವುದೇ ಪ್ರಶ್ನೆ. ತಮ್ಮನನ್ನು ಕರೆದವರು ನೀವು, ಅವನ ದನಿ ನಿಮಗೆ ಗೊತ್ತು. ಗುರುತಿಲ್ಲದವರು ಇದನ್ನು ಹಾಕಿಸಿ ಹಣ ಎಗರಿಸುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಈ ಆಪಿನ ಹೆಸರು ಹೇಳಿ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಸಾಗರದ ಅತ್ತೆ – 10:52
ಅಣ್ಣ ಕಳಿಸಿದ ನಂಬರಿಗೆ ನಾನು ಆಗಲೇ ಕರೆ ಮಾಡಿದ್ದೇನೆ. ಕಂಪ್ಯೂಟರ್ ನಿಧಾನವಾಗಿತ್ತು. ಹತ್ತು ರೂಪಾಯಿ ನೋಂದಣಿ ಎಂದು ಬ್ಯಾಂಕಿನ ಪುಟ ತೆರೆಸಿದ. ಒಟಿಪಿ ಹೇಳಿದೆ. ಈಗ ಪರದೆ ಕಪ್ಪಾಗಿದೆ. ಮುಟ್ಟಬೇಡಿ ಎಂದಿದ್ದಾನೆ. ಲ್ಯಾಂಡ್‌ಲೈನಿನಲ್ಲಿ ಇನ್ನೂ ಇದ್ದಾನೆ.

ನಾನು
ಅತ್ತೆ, ರಿಸೀವರ್ ಇಡಿ. ವೈಫೈ ಪೆಟ್ಟಿಗೆಯ ಪ್ಲಗ್ ಕೀಳಿ. ಕಂಪ್ಯೂಟರಿನ ಗುಂಡಿಯನ್ನು ಅದು ಆರುವವರೆಗೂ ಒತ್ತಿ ಹಿಡಿಯಿರಿ. ಪರದೆಯನ್ನು ಕಪ್ಪು ಮಾಡಿದ್ದು ಅವನೇ, ಹಿಂದೆ ನಡೆಯುವುದು ನಿಮಗೆ ಕಾಣಬಾರದೆಂದು.

ಸಾಗರದ ಅತ್ತೆ
ಕಿತ್ತೆ. ಮತ್ತೆ ಮತ್ತೆ ಫೋನ್ ಹೊಡೆದುಕೊಳ್ಳುತ್ತಿದೆ. ಕೈ ನಡುಗುತ್ತಿದೆ.

ನಾನು
ಎತ್ತಬೇಡಿ. ಮೊಬೈಲಿನಿಂದ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಮೇಲೆ ಬ್ಯಾಂಕಿಗೆ. ಬ್ಯಾಂಕಿನ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲೂ ನಕಲಿ ನಂಬರುಗಳಿರುತ್ತವೆ. ಎಟಿಎಂ ಕಾರ್ಡಿನ ಹಿಂಬದಿ ನೋಡಿ.

ಚಿಕ್ಕಪ್ಪ, ಹೊಸನಗರ
ಅಕ್ಕ, ಪೊಲೀಸು, ದೂರು ಎಲ್ಲ ಬೇಕೇ? ಮೊದಲು ಎಷ್ಟು ಹೋಗಿದೆ ನೋಡೋಣ. ಊರಿಗೆಲ್ಲ ಗೊತ್ತಾದರೆ ಚೆನ್ನಾಗಿರುವುದಿಲ್ಲ.

ನಾನು
ಚಿಕ್ಕಪ್ಪ, ಈ ಒಂದು ಮಾತಿಗೆ ನಾನು ಒಪ್ಪುವುದಿಲ್ಲ. ಪಕ್ಕದ ಮನೆಯವರು ಹೀಗೇ ನಾಚಿಕೊಂಡು ಎರಡು ದಿನ ಬಾಯಿ ಬಿಡಲಿಲ್ಲ, ಅಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿತ್ತು. 1930ಕ್ಕೆ ಬೇಗ ತಿಳಿಸಿದರೆ ಅದು ಹೋಗಿ ಸೇರಿದ ಖಾತೆಯಲ್ಲೇ ತಡೆಯಲು ದಾರಿಯಿದೆ. ನಮ್ಮ ಅಜಾಗ್ರತೆಯಿಂದಲೇ ಹೋಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕು ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲೇ ಸುತ್ತೋಲೆಯಲ್ಲಿ ಹೇಳಿತ್ತು. ಅತ್ತೆ ಮೋಸ ಹೋದವರು, ತಪ್ಪು ಮಾಡಿದವರಲ್ಲ. ನಾಚಿಕೆ ಅವರಿಗೇಕೆ?

ಸಾಗರದ ಅತ್ತೆ – 11:31
ಅಡಿಕೆ ಮಾರಿದ ಹಣದಲ್ಲಿ 48,000 ಹೋಗಿದೆ. ಉಳಿದದ್ದು ಇದೆ. ಬ್ಯಾಂಕಿನವರು ಖಾತೆ ತಡೆಹಿಡಿದರು. 1930ರವರು ದೂರಿನ ಸಂಖ್ಯೆ ಕೊಟ್ಟಿದ್ದಾರೆ, ಕ್ಯಾಲೆಂಡರಿನ ಮೇಲೆ ಬರೆದುಕೊಂಡೆ.

ನಾನು
ಪಾಸ್‌ವರ್ಡನ್ನು ಆ ಕಂಪ್ಯೂಟರಿನಲ್ಲಿ ಬದಲಿಸಬೇಡಿ, ಮೊಬೈಲಿನಲ್ಲೇ ಬದಲಿಸಿ. ತಮ್ಮ ಬಂದು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಡುವವರೆಗೆ ಅದನ್ನು ಹಚ್ಚಬೇಡಿ. ನಾನು ಮಧ್ಯಾಹ್ನದ ಬಸ್ಸಿಗೆ ಹೊರಟು ಬರುತ್ತೇನೆ.

ದೊಡ್ಡಪ್ಪ, ತೀರ್ಥಹಳ್ಳಿ – 11:50
ಗುಂಪಿನಿಂದ ಅಳಿಸಿದ್ದೇನೆ. ತಂಗಿ, ನನ್ನಿಂದ ನಿನಗೆ ಹೀಗಾಯಿತು. ಇದನ್ನು ಇನ್ನೂ ಹತ್ತು ಮಂದಿಗೆ ಕಳಿಸಿದ್ದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದೆ. ಒಂಬತ್ತು ಮಂದಿ ಸಿಕ್ಕಿದರು. ಆಗುಂಬೆಯ ಭಟ್ಟರ ಮನೆಯಲ್ಲಿ ಸಿಗ್ನಲ್ ಸಿಗುತ್ತಿಲ್ಲ. ಬಸ್ ನಿಲ್ದಾಣದಲ್ಲಿದ್ದೇನೆ, ಹೋಗಿ ಹೇಳಿ ಬರುತ್ತೇನೆ.