ವತನಾಬೆ ಕಜಾನ್: ಪಾಶ್ಚಾತ್ಯ ಕಲೆ ಆತನಿಗೆ ತಂತ್ರವೇ, ನೋಟವೇ?

ಕುಂಚಪ್ರಿಯ:
ಜಪಾನಿನ ಸಮುರಾಯ್ ಚಿತ್ರಕಾರ ವತನಾಬೆ ಕಜಾನ್ 1837ರಲ್ಲಿ ರೇಷ್ಮೆಯ ಮೇಲೆ ಬರೆದ ತಕಮಿ ಸೆನ್‌ಸೆಕಿಯ ಭಾವಚಿತ್ರ ಇಂದು ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಮುಖಕ್ಕೆ ಪಾಶ್ಚಾತ್ಯ ರೀತಿಯಲ್ಲಿ ನವಿರಾದ ನೆರಳು ಹಾಕಿ ಉಬ್ಬುತಗ್ಗು ತಂದಿರುವ ಆತ, ಉಡುಪಿನ ಮಡಿಕೆಗಳನ್ನು ಮಾತ್ರ ಹಳೆಯ ಪದ್ಧತಿಯಂತೆ ಕುಂಚದ ಗೆರೆಗಳಲ್ಲೇ ಬಿಡಿಸಿದ್ದಾನೆ. ಆದ್ದರಿಂದ ಪಾಶ್ಚಾತ್ಯ ಕಲೆ ಆತನಿಗೆ ಎರವಲು ತಂದ ತಂತ್ರವಷ್ಟೇ ಆಗಿತ್ತೆಂದು ನನ್ನ ಅಭಿಪ್ರಾಯ.

ಇತಿಹಾಸಾಸಕ್ತ:
ಕುಂಚಪ್ರಿಯ ಅವರೇ, ಇದನ್ನು ನಾನು ಒಪ್ಪಲಾರೆ. ಆ ಚಿತ್ರದಲ್ಲಿರುವ ಸೆನ್‌ಸೆಕಿ ಕೊಗ ಸಂಸ್ಥಾನದ ಹಿರಿಯ ಅಧಿಕಾರಿಯಾಗಿದ್ದಂತೆಯೇ ಡಚ್ ವಿದ್ಯೆಯ (ಡಚ್ ಗ್ರಂಥಗಳ ಮೂಲಕ ಜಪಾನಿಗೆ ಬಂದ ಪಶ್ಚಿಮದ ಜ್ಞಾನದ) ಅಭ್ಯಾಸಿಯೂ ಆಗಿದ್ದ. ಕಜಾನ್ ಕೂಡ ಡಚ್ ಭಾಷೆ ಬಲ್ಲ ವಿದ್ವಾಂಸರ ಒಡನಾಟದಲ್ಲಿ ಪಶ್ಚಿಮದ ಭೂಗೋಳ, ರಾಜ್ಯವ್ಯವಸ್ಥೆಗಳನ್ನು ಅರಿಯಲು ಶ್ರಮಿಸಿದವನು. ಕಂಡದ್ದನ್ನು ಕಂಡಂತೆ ಗ್ರಹಿಸಬೇಕೆಂಬ ಆ ಹಟವೇ ಮುಖದ ನೆರಳಿನಲ್ಲೂ ಇದೆ.

ಚಿತ್ರಕಲಾ ಶಿಕ್ಷಕಿ:
ಆ ಹಟವನ್ನು ಪೂರ್ತಿಯಾಗಿ ಪಶ್ಚಿಮದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ತಹರ ಸಂಸ್ಥಾನದ ಬಡ ಸಮುರಾಯ್ ಮನೆಯಲ್ಲಿ ಹುಟ್ಟಿದ ಕಜಾನ್, ಹುಡುಗನಾಗಿದ್ದಾಗಲೇ ಕಾಗದದ ದೀಪಗಳ ಮೇಲೆ ಚಿತ್ರ ಬರೆದು ಮನೆಯ ಖರ್ಚಿಗೆ ನೆರವಾದವನು. ಮುಂದೆ ತನಿ ಬುಂಚೊನಂಥ ಗುರುವಿನ ಬಳಿ ಕಲಿತವನು. 1818ರಲ್ಲಿ ಎದೊ (ಇಂದಿನ ಟೋಕಿಯೋ) ನಗರದ ಬೀದಿಯ ಜನರನ್ನು ಆತ ಚುರುಕಾದ ಗೆರೆಗಳಲ್ಲಿ ಹಿಡಿದಿಟ್ಟ ಪುಟಗಳಲ್ಲಿ ನೆರಳಿನ ಹಂಗೇ ಇಲ್ಲ, ಆದರೂ ಒಬ್ಬೊಬ್ಬರೂ ಜೀವಂತವಾಗಿದ್ದಾರೆ. ಇನ್ನು ನೆರಳು-ಬೆಳಕಿನ ಮಾತಾದರೆ, ಅಕಿತದ ಸಮುರಾಯ್ ಒದನೊ ನವೊತಕೆ ಕಜಾನ್ ಹುಟ್ಟುವ ಮೊದಲೇ ಅದನ್ನು ರೂಢಿಸಿಕೊಂಡಿದ್ದ. 1774ರಲ್ಲಿ ಪ್ರಕಟವಾದ ಅಂಗರಚನಾ ಗ್ರಂಥಕ್ಕೆ ಚಿತ್ರ ಬರೆದವನೂ ಆತನೇ.

ಇತಿಹಾಸಾಸಕ್ತ:
ನಿಮ್ಮ ತಿದ್ದುಪಡಿಗೆ ಕೃತಜ್ಞ. ಬೀದಿಯ ಚಿತ್ರಗಳನ್ನು ನಾನು ಮರೆತಿದ್ದೆ. ಆದರೂ ಆತನ ನೋಟವನ್ನು ಆಡಳಿತದಿಂದ ಬೇರ್ಪಡಿಸಲು ನನಗೆ ಮನಸ್ಸಾಗುವುದಿಲ್ಲ. 1832ರಲ್ಲಿ ಹಿರಿಯ ಸಚಿವನಾದ ಮೇಲೆ ಆತ ಧಾನ್ಯದ ಉಗ್ರಾಣ ಕಟ್ಟಿಸಿದ್ದರಿಂದ, 1836–37ರ ಭೀಕರ ಕ್ಷಾಮದಲ್ಲಿಯೂ ತಹರದಲ್ಲಿ ಹಸಿವಿನಿಂದ ಸಾವು ಸಂಭವಿಸಲಿಲ್ಲ. 1837ರಲ್ಲಿ ಕಡಲಲ್ಲಿ ದಿಕ್ಕು ತಪ್ಪಿ ಪರದೇಶ ಸೇರಿದ್ದ ಜಪಾನಿನ ನಾವಿಕರನ್ನು ಮರಳಿ ತಂದ ಅಮೆರಿಕದ ಮಾರಿಸನ್ ಹಡಗಿನ ಮೇಲೆ ಫಿರಂಗಿ ಹಾರಿಸಲಾಯಿತು. ವಿದೇಶೀಯರ ಬಗೆಗಿನ ಈ ಕುರುಡು ನೀತಿಯನ್ನು ಟೀಕಿಸಿ ಬರೆದು, ಯಾರಿಗೂ ಒಪ್ಪಿಸದೆ ಇಟ್ಟಿದ್ದ ಕರಡೇ 1839ರಲ್ಲಿ ಆತನ ಬಂಧನದ ನಂತರ ಮನೆಯ ಶೋಧದಲ್ಲಿ ಸಿಕ್ಕು ಆತನಿಗೆ ಮುಳುವಾಯಿತು.

ಕುಂಚಪ್ರಿಯ:
ತಹರದ ಗೃಹಬಂಧನದಲ್ಲಿ ಆತ 1841ರಲ್ಲಿ ಬರೆದ ಚಿತ್ರವೊಂದರ ವಸ್ತು, ಅನ್ನ ಬೇಯುವಷ್ಟು ಹೊತ್ತಿನಲ್ಲಿ ಇಡೀ ಬಾಳಿನ ವೈಭವವನ್ನು ಕನಸಿನಲ್ಲಿ ಕಂಡವನ ಹಳೆಯ ಚೀನೀ ಕಥೆ. ಪಶ್ಚಿಮವೇ ಆತನ ನೋಟವಾಗಿದ್ದರೆ ಕೊನೆಯ ದಿನಗಳಲ್ಲಿ ಹಳೆಯ ಪರಂಪರೆಗೇಕೆ ಮರಳಿದ?

ಚಿತ್ರಕಲಾ ಶಿಕ್ಷಕಿ:
ಮರಳಿದನೆನ್ನಲು ಆತ ಅದನ್ನು ಬಿಟ್ಟಿದ್ದರೆ ತಾನೇ? ನಿಮ್ಮ ಮೊದಲ ಮಾತಿನ ಉಡುಪಿನ ಗೆರೆಗಳೇ ಇದಕ್ಕೆ ಸಾಕ್ಷಿ. ಶಿಷ್ಯರು ಗುರುವಿನ ಬಡತನ ನೀಗಲೆಂದು ಎದೊದಲ್ಲಿ ಚಿತ್ರಗಳನ್ನು ಮಾರಿದಾಗ ಅಪವಾದ ಹಬ್ಬಿತು; ತನ್ನ ಒಡೆಯನಿಗೆ ಕಳಂಕ ತಟ್ಟೀತೆಂದು ಕಜಾನ್ ಆ ವರ್ಷವೇ ಹೊಟ್ಟೆ ಸೀಳಿಕೊಂಡು ಪ್ರಾಣಬಿಟ್ಟ. ಅದಕ್ಕೂ ಮುನ್ನ ತನ್ನ ಕೈಯಾರೆ ದೊಡ್ಡ ಅಕ್ಷರಗಳಲ್ಲಿ, ತನ್ನ ರೂಢಿಯ ಹೆಸರನ್ನೇ ಸೇರಿಸಿ, ‘ಸ್ವಾಮಿನಿಷ್ಠೆಯಿಲ್ಲದ, ಪಿತೃಭಕ್ತಿಯಿಲ್ಲದ ವತನಾಬೆ ನೊಬೊರು’ ಎಂದು ಬರೆದಿಟ್ಟಿದ್ದ.