ಎಂಇಪಿ (ಮೆದುಳಿಗೆ ಮಿಡಿತ ಕೊಟ್ಟು ಸ್ನಾಯುವಿನಲ್ಲಿ ನೋಡುವ ಅಲೆ) ಮಾನಿಟರಿಂಗ್ ಇರುವ ಸ್ಪೈನ್ ಸರ್ಜರಿ: ಸೆವೊ ಗ್ಯಾಸ್ ಸಾಕಾ, ಪೂರ್ತಿ ಐವಿ (ರಕ್ತನಾಳಕ್ಕೆ ಕೊಡುವ ಔಷಧ) ಬೇಕಾ?

ಅನಸ್ತೇಶಿಯಾ ಪಿಜಿ, ಶಿವಮೊಗ್ಗ
ಅಡಿಕೆ ಮರದಿಂದ ಬಿದ್ದು ಟಿ12 (ಎದೆಭಾಗದ ಹನ್ನೆರಡನೇ ಬೆನ್ನುಮೂಳೆ) ಒಡೆದಿರುವ ರೋಗಿ, 60 ಕೆಜಿ, ಇವತ್ತಿಗೆ ಆರನೇ ದಿನ. ಎರಡೂ ಕಾಲಿನ ಪವರ್ 3/5 (5 ಅಂದರೆ ಪೂರ್ತಿ ಬಲ). ಸ್ಕ್ರೂ-ರಾಡ್ ಹಾಕುವಾಗ ಎಸ್‌ಎಸ್‌ಇಪಿ (ಕೈಕಾಲಿನ ನರಕ್ಕೆ ಮಿಡಿತ ಕೊಟ್ಟು ಮೆದುಳಿನಲ್ಲಿ ನೋಡುವ ಅಲೆ), ಎಂಇಪಿ ಎರಡೂ ನೋಡ್ತಾರೆ. ಸೆವೊಫ್ಲುರೇನ್ ಅರ್ಧ ಮ್ಯಾಕ್‌ನಲ್ಲಿ (ಮ್ಯಾಕ್ ಅಂದರೆ ಗ್ಯಾಸಿನ ಡೋಸ್ ಅಳತೆ) ಇಟ್ಟರೆ ಸಾಲದಾ? ರಿಲ್ಯಾಕ್ಸೆಂಟ್ (ಸ್ನಾಯು ಸಡಿಲಿಸುವ ಔಷಧ) ಎಷ್ಟು ಕೊಡಬಹುದು ಸರ್?

ಉತ್ತರ 1
ಕಾಲಲ್ಲಿ ಪೂರ್ತಿ ಬಲ ಇದ್ದಿದ್ದರೆ ಅರ್ಧ ಮ್ಯಾಕ್ ನಡೀತಿತ್ತು. ಇವರಿಗೆ ಬೇಡ. ಪವರ್ ಕಡಿಮೆ ಇದ್ದವರಲ್ಲಿ ಎಂಇಪಿ ಅಲೆ ಮೊದಲೇ ಸಣ್ಣದು, ಗ್ಯಾಸ್ ಅದನ್ನು ಇನ್ನೂ ಮಂಕು ಮಾಡುತ್ತೆ. ಆಮೇಲೆ ಅಲೆ ಹೋದರೆ ಸ್ಕ್ರೂನಿಂದಲೋ ಗ್ಯಾಸಿನಿಂದಲೋ ಹೇಳೋಕಾಗಲ್ಲ. ನೈಟ್ರಸ್ ಗ್ಯಾಸ್ ಕೂಡ ಬಿಡಿ.

ಪೂರ್ತಿ ಐವಿಯೇ ಇರಲಿ. ಪ್ರೊಪೊಫಾಲ್ (ಮಂಪರಿನ ಔಷಧ) ನಿಮಿಷಕ್ಕೆ ಕೆಜಿಗೆ 100 ಮೈಕ್ರೋಗ್ರಾಂನಿಂದ ಶುರು ಮಾಡಿ. ಅಂದರೆ 1% ಔಷಧ ಗಂಟೆಗೆ 36 ಎಂಎಲ್. ನೋವಿಗೆ ಫೆಂಟಾನಿಲ್ ಗಂಟೆಗೆ ಕೆಜಿಗೆ 1 ಮೈಕ್ರೋಗ್ರಾಂ. ಕೆಟಮಿನ್ ಗಂಟೆಗೆ ಕೆಜಿಗೆ 0.1–0.2 ಮಿಗ್ರಾಂ ಸೇರಿಸಿದರೆ ಪ್ರೊಪೊಫಾಲ್ ಇಳಿಸಬಹುದು, ಅಲೆಯೂ ಚೆನ್ನಾಗಿ ನಿಲ್ಲುತ್ತೆ. ಬಿಐಎಸ್ (ಮಂಪರಿನ ಆಳ ತೋರಿಸೋ ಸಂಖ್ಯೆ) 40–60 ಇರಲಿ, ಆದರೆ ಕೆಟಮಿನ್ ಇದ್ದಾಗ ಆ ಸಂಖ್ಯೆ ಸುಮ್ಮನೆ ಏರುತ್ತೆ. ಅದನ್ನೇ ನಂಬಿ ಪ್ರೊಪೊಫಾಲ್ ಏರಿಸಿದರೆ ಬಿಪಿ ಬೀಳುತ್ತೆ.

ರಿಲ್ಯಾಕ್ಸೆಂಟ್ ಟ್ಯೂಬ್ ಹಾಕೋಕೆ ಮಾತ್ರ, ರೊಕ್ಯುರೋನಿಯಂ 36 ಮಿಗ್ರಾಂ. ಇನ್ನೊಂದು ರಿಲ್ಯಾಕ್ಸೆಂಟ್ ಸ್ಕೋಲಿನ್ ಮುಟ್ಟಲೇಬೇಡಿ. ಬೆನ್ನುಹುರಿಗೆ ಪೆಟ್ಟಾಗಿ ಆರು ದಿನ ಆಗಿದೆ, ಪೊಟ್ಯಾಶಿಯಂ ಏರಿ ಹೃದಯ ನಿಲ್ಲಬಹುದು. ಟಿಒಎಫ್‌ನಲ್ಲಿ (ರಿಲ್ಯಾಕ್ಸೆಂಟ್ ಇಳಿದಿದೆಯಾ ಅಂತ ನರಕ್ಕೆ ನಾಲ್ಕು ಮಿಡಿತ ಕೊಟ್ಟು ನೋಡೋ ಪರೀಕ್ಷೆ) ನಾಲ್ಕೂ ಮಿಡಿತ ಬಂದ ಮೇಲೆಯೇ ಬೇಸ್‌ಲೈನ್ (ಹೋಲಿಕೆಗೆ ಮೊದಲ ಅಲೆ) ತಗೊಳ್ಳಲು ಹೇಳಿ.

ಉತ್ತರ 2
ಮೇಲಿನದಕ್ಕೆ ಒಂದು ಮಾತು ಸೇರಿಸ್ತೀನಿ. ಬೋರಲು ಮಲಗಿಸಿದ ಮೇಲೆ ಕೈಯಲ್ಲಿರೋ ಕ್ಯಾನುಲಾ ಡ್ರೇಪ್ ಕೆಳಗೆ ಹೋಗುತ್ತೆ. ಲೈನ್ ಕಳಚಿದರೂ ಪಂಪ್ ಅಲಾರಂ ಹೊಡೆಯಲ್ಲ, ಔಷಧ ಹಾಸಿಗೆಗೆ ಹೋಗ್ತಿರುತ್ತೆ, ರೋಗಿಗೆ ಎಚ್ಚರ ಆಗುತ್ತೆ. ಪ್ರೊಪೊಫಾಲ್‌ಗೆ ಬೇರೆಯೇ ಲೈನ್ ಇರಲಿ, ಕಣ್ಣಿಗೆ ಕಾಣೋ ಹಾಗಿರಲಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರೋದು ನಮ್ಮ ಕಡೆ ಇದ್ದದ್ದೇ, ಪಂಪಿನ ಬ್ಯಾಟರಿ ಮೊದಲೇ ನೋಡಿಕೊಳ್ಳಿ. ರೋಗಿಯ ಮೈ 36 ಡಿಗ್ರಿಗಿಂತ ತಣ್ಣಗಾಗದಂತೆ ವಾರ್ಮರ್ ಹಾಕಿ.

ಅನಸ್ತೇಶಿಯಾ ಪಿಜಿ, ಶಿವಮೊಗ್ಗ
ನಡುವೆ ಅಲೆ ಹೋದರೆ ಮೊದಲು ಏನು ನೋಡಬೇಕು?

ಉತ್ತರ 1
ಕೈಯ ಅಲೆ ನೋಡಿ. ಕೈಕಾಲು ನಾಲ್ಕರಲ್ಲೂ ಹೋಗಿದ್ದರೆ ನಿಮ್ಮ ಕಡೆಯದ್ದೇ ಇರಬಹುದು: ಯಾರಾದರೂ ಬೋಲಸ್ (ಒಮ್ಮೆಗೇ ಔಷಧ) ಕೊಟ್ಟರಾ, ಬಿಪಿ ಬಿತ್ತಾ, ಮೈ ತಣ್ಣಗಾಯ್ತಾ. ಒಂದೇ ಕೈಯಲ್ಲಿ ಹೋಗಿದ್ದರೆ ಭುಜ, ಮೊಣಕೈ ಒತ್ತಿಕೊಂಡಿದೆಯಾ ನೋಡಿ. ಕೈ ಸರಿಯಿದ್ದು ಕಾಲಿನದು ಮಾತ್ರ ಹೋದರೆ ತಕ್ಷಣ ಸರ್ಜನ್‌ಗೆ ಹೇಳಿ ನಿಲ್ಲಿಸಿ, ನಾರ್‌ಅಡ್ರಿನಾಲಿನ್‌ನಿಂದ ಮ್ಯಾಪ್ (ಸರಾಸರಿ ಬಿಪಿ) 85ಕ್ಕೆ ಏರಿಸಿ, ಹಿಮೋಗ್ಲೋಬಿನ್ ನೋಡಿ.

ಉತ್ತರ 2
ಬೈಟ್ ಬ್ಲಾಕ್ ಮರೀಬೇಡಿ. ಎಂಇಪಿ ಹೊಡೆದಾಗ ದವಡೆ ಜೋರಾಗಿ ಕಚ್ಚುತ್ತೆ. ಗಾಜ್ ಸುರುಳಿ ಎರಡೂ ಕಡೆ ದವಡೆ ಹಲ್ಲುಗಳ ನಡುವೆ ಇಡಿ, ನಾಲಿಗೆ ಒಳಗಿರಲಿ. ಬೋರಲು ಮಾಡಿದ ಮೇಲೆ ಅದು ಜಾರಿರುತ್ತೆ, ಇನ್ನೊಮ್ಮೆ ಬೆರಳು ಹಾಕಿ ನೋಡಿ.