‘ವ್ಯಾಪ್ತಿಗೆ ಬರುವುದಿಲ್ಲ’ ಅಂದರೆ ಯಾವೂರಿಗೆ ಹೋಗಬೇಕು?

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯಲ್ಲಿ ವಕೀಲರ ಕಚೇರಿಗಳಿಗೆ ಕಾಗದಪತ್ರ ಅನುವಾದ ಮಾಡಿಕೊಡುವುದು ನನ್ನ ಕೆಲಸ. ‘ಜೂರಿಸ್ಡಿಕ್ಷನ್’ (ಪ್ರಕರಣವನ್ನು ವಿಚಾರಿಸಲು ಕೋರ್ಟಿಗಿರುವ ಅಧಿಕಾರ) ಅನ್ನೋ ಪದ ದಿನಕ್ಕೆ ನಾಲ್ಕು ಸಲ ಎದುರಾಗುತ್ತದೆ. ಯೋಚನೆ ಮಾಡದೆ ‘ವ್ಯಾಪ್ತಿ’ ಅಂತ ಬರೆದು ಮುಂದೆ ಹೋಗುತ್ತಿದ್ದೆ. ಹೋದ ತಿಂಗಳು ಅದರಿಂದಲೇ ಒಬ್ಬರಿಗೆ ಸುಮ್ನೆ ತೊಂದರೆ ಕೊಟ್ಟೆ.

ಅವರು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಪ್ಯಾಟರ್ನ್, ಅಂದರೆ ಎರಕದ ವಸ್ತುವಿನ ಮಾದರಿ, ಮಾಡುವವರು. ಪ್ಯಾಟರ್ನನ್ನು ಮರಳಿನಲ್ಲಿ ಒತ್ತಿ ತೆಗೆದರೆ ಒಂದು ಗುಳಿ ಉಳಿಯುತ್ತದಲ್ವಾ, ಕರಗಿದ ಬೀಡು ಸುರಿಯುವುದು ಅಲ್ಲಿಗೆ. ಎರಕದೊಳಗೆ ಟೊಳ್ಳು ಬಿಡಲು ಕೂರಿಸುವ ಕೋರ್ ಅಲುಗಿದರೆ ಎರಕ ಹಾಳು. ಅದು ಅಲುಗದಂತೆ ಹಿಡಿಯುವ ಒಂದು ಜೋಡಣೆಯನ್ನು ತಾವೇ ಕಂಡುಹಿಡಿದದ್ದು ಅಂತ ಇವರು ಹೇಳುತ್ತಾರೆ. ಪೇಟೆಂಟ್ ಅರ್ಜಿ ಹೋದದ್ದು ಕಂಪನಿಯ ಹೆಸರಲ್ಲಿ. (ಇವರ ಬಾಯಲ್ಲಿ ಪ್ಯಾಟರ್ನೂ ಪೇಟೆಂಟೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ಮೊದಲ ದಿನ ಅರ್ಧ ಪುಟ ತಪ್ಪು ಬರೆದುಕೊಂಡಿದ್ದೆ.)

ಯಾರೋ ಹೇಳಿದರು ಅಂತ ಇವರು ಮೊದಲು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಿದ್ದರು. ಅಲ್ಲಿನ ಆದೇಶವನ್ನು ನಾನು ಕನ್ನಡ ಮಾಡಿಕೊಟ್ಟೆ: ‘ಸದರಿ ವಿವಾದವು ಈ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲ.’ ಓದಿ ಅವರು ಕೇಳಿದ್ದು ಹೀಗೆ:

“ಅಕ್ಕಾರ, ನಾ ಇರೂದು ಇಲ್ಲೇ, ಫ್ಯಾಕ್ಟರಿ ಇರೂದು ಇಲ್ಲೇ. ವ್ಯಾಪ್ತಿಗೆ ಬರೂದಿಲ್ಲ ಅಂದ್ರ ಮತ್ತ ಯಾವೂರಿಗೆ ಹೋಗಬೇಕ್ರೀ?”

ಕಂಪನಿಯ ಹೆಡ್ ಆಫೀಸು ಪುಣೆಯಲ್ಲಿದೆ. ಪುಣೆ ಬಸ್ಸಿನ ಟೈಮನ್ನೂ ವಿಚಾರಿಸಿಟ್ಟುಕೊಂಡಿದ್ದರು ಪಾಪ.

ಆದೇಶದಲ್ಲಿ ಊರಿನ ಮಾತೇ ಇರಲಿಲ್ಲ. ಆವಿಷ್ಕಾರ ಯಾರದು ಅಂತ ತೀರ್ಮಾನಿಸುವುದು ಆ ಬಗೆಯ ನ್ಯಾಯಾಲಯದ ಕೆಲಸವಲ್ಲ, ಸಿವಿಲ್ ದಾವೆ ಹಾಕಬೇಕು ಅನ್ನೋದು ಅದರ ಅರ್ಥ. ಹಾಕುವುದು ಬೆಳಗಾವಿಯಲ್ಲೇ ಆಗಬಹುದು. ಆದರೆ ‘ವ್ಯಾಪ್ತಿ’ ಅಂದ ಕೂಡಲೇ ನಮ್ಮ ಕಡೆ ಜನರ ಕಣ್ಣಿಗೆ ನೆಲ ಕಾಣುತ್ತದೆ. ಪಂಚಾಯ್ತಿ ವ್ಯಾಪ್ತಿ, ಠಾಣೆ ವ್ಯಾಪ್ತಿ, ಎಲ್ಲವೂ ನಕ್ಷೆ ಮೇಲಿನ ಗೆರೆಗಳೇ. ತಪ್ಪು ಅವರದಲ್ಲ, ನನ್ನ ಪದದ್ದು.

ಕಾನೂನಿನಲ್ಲಿ ಈ ಒಂದು ಇಂಗ್ಲಿಷ್ ಪದದ ಹೊಟ್ಟೆಯಲ್ಲಿ ಮೂರು ಪ್ರಶ್ನೆಗಳಿವೆ. ಯಾವ ಊರಿನ ಕೋರ್ಟು, ಎಷ್ಟು ಮೊತ್ತದ ಕೋರ್ಟು, ಯಾವ ವಿಷಯದ ಕೋರ್ಟು. ಮೂರಕ್ಕೂ ಒಂದೇ ಪದ ಇದ್ದರೆ ಏನಾಯ್ತು ಅಂತ ಕೇಳಬಹುದು. ಆಗುವುದು ಬಹಳ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಕಲಮಿನ ಪ್ರಕಾರ ಊರು ತಪ್ಪು, ಮೊತ್ತ ತಪ್ಪು ಅನ್ನೋ ತಕರಾರನ್ನು ಆರಂಭದಲ್ಲೇ ಎತ್ತಬೇಕು. ಆಗ ಸುಮ್ಮನಿದ್ದು ಸೋತ ಮೇಲೆ ಮೇಲ್ಮನವಿಯಲ್ಲಿ ಎತ್ತಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ವಿಷಯದ ಅಧಿಕಾರವೇ ಇಲ್ಲದ ಕೋರ್ಟು ಕೊಟ್ಟ ಡಿಕ್ರಿ (ದಾವೆಯ ತೀರ್ಮಾನದ ಆದೇಶ) ಮಾತ್ರ ಬೇರೆ. ಅದು ಹುಟ್ಟಿನಿಂದಲೇ ಶೂನ್ಯ, ಯಾವ ಹಂತದಲ್ಲಿ ಬೇಕಾದರೂ ಪ್ರಶ್ನಿಸಬಹುದು ಅಂತ ಸುಪ್ರೀಂ ಕೋರ್ಟು 1954ರಲ್ಲೇ ಹೇಳಿದೆ. ಫಲ ಇಷ್ಟು ಬೇರೆ ಇರುವಾಗ ಹೆಸರು ಒಂದೇ ಆದರೆ ಹೇಗೆ?

ನನ್ನ ಕೈಯಲ್ಲಿರುವ ಪದಗಳನ್ನು ಇಡುತ್ತೇನೆ, ತಿದ್ದಿ.

ಊರಿಗೆ ನಮ್ಮಲ್ಲಿ ಒಳ್ಳೆಯ ಪದ ಇದೆ: ಹದ್ದಿ. ‘ಠಾಣೆ ಹದ್ದಿಯೊಳಗ’ ಅಂತ ಪೊಲೀಸರೂ ಅಂತಾರೆ, ಪೇಪರಿನವರೂ ಬರೀತಾರೆ. ಸರಹದ್ದು, ಹದ್ದುಬಸ್ತು, ಹದ್ದುಮೀರು ಎಲ್ಲ ಅದೇ ಬಳಗ. ಮೂಲ ಅರಬ್ಬಿ, ಮರಾಠಿಯಲ್ಲೂ ಹದ್ದ ಅಂತ ಇದೆ. ದಕ್ಷಿಣದವರು ‘ಹದ್ದು’ ಅಂದರೆ ಆಕಾಶ ನೋಡುತ್ತಾರೇನೋ, ಆದರೆ ‘ಹದ್ದಿ’ಗೆ ಆ ಭಯ ಇಲ್ಲ.

ಮೊತ್ತಕ್ಕೆ ‘ಮೊತ್ತದ ಮಿತಿ’ ಸಾಕು. ‘ಆರ್ಥಿಕ ವ್ಯಾಪ್ತಿ’ ಅಂತ ನೋಡಿದ್ದೇನೆ, ಬಜೆಟ್ ಭಾಷಣದ ಹಾಗಿದೆ. ಪೇಟೆಂಟಿನಂಥ ಬೌದ್ಧಿಕ ಸ್ವತ್ತಿನ ತಂಟೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯೊಳಗೆ ಬರುತ್ತದೆ. ಅಲ್ಲಿ ಮಿತಿ 3 ಲಕ್ಷ ರೂಪಾಯಿಯಿಂದ ಶುರು. 2018ರ ತಿದ್ದುಪಡಿಗೆ ಮುಂಚೆ 1 ಕೋಟಿ ಇತ್ತು.

ವಿಷಯಕ್ಕೆ ಏನು? ಇಲ್ಲೇ ನಾನು ಸಿಕ್ಕಿಬಿದ್ದಿರುವುದು. ‘ವಿಷಯ ವ್ಯಾಪ್ತಿ’ ಅಂದರೆ ಪರೀಕ್ಷೆಯ ಸಿಲೆಬಸ್ ನೆನಪಾಗುತ್ತದೆ. ಹಿಂದಿಯವರ ಕ್ಷೇತ್ರಾಧಿಕಾರದಲ್ಲೂ ಮತ್ತೆ ಅದೇ ಕ್ಷೇತ್ರ, ಅದೇ ನೆಲ. ‘ವಿಚಾರಣಾಧಿಕಾರ’ ಅಂತ ಮಾಡಿಕೊಂಡಿದ್ದೇನೆ. ಇದನ್ನು ಒರೆಗೆ ಹಚ್ಚಲು ಪುಣೆಯ ಸಂಗತಿಯೇ ಸಿಕ್ಕಿತು. ಇವರ ನೇಮಕಪತ್ರದಲ್ಲಿ ‘ವಿವಾದ ಬಂದರೆ ಪುಣೆಯ ನ್ಯಾಯಾಲಯಗಳಿಗೆ ಮಾತ್ರ’ ಅನ್ನೋ ಸಾಲು ಇದೆಯಾ ಅಂತ ವಕೀಲರು ಮೊದಲೇ ಹುಡುಕಿದರು. ಅಂಥ ಸಾಲು ನೌಕರಿ ಕರಾರಿನಲ್ಲೂ ನಿಲ್ಲುತ್ತದೆ ಅಂತ 2025ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಕರಾರಿನಿಂದ ಎರಡು ಅರ್ಹ ಊರುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದೇ ಹೊರತು, ಕೋರ್ಟಿಗೆ ಇಲ್ಲದ ಅಧಿಕಾರವನ್ನು ಕೊಡಲು ಆಗುವುದಿಲ್ಲ. ಈಗ ಇದನ್ನೇ ‘ಇಲ್ಲದ ವ್ಯಾಪ್ತಿಯನ್ನು ಕೊಡಲು’ ಅಂತ ಬರೆದು ನೋಡಿ. ಕನ್ನಡದಲ್ಲಿ ವ್ಯಾಪ್ತಿಯನ್ನು ಯಾರೂ ಕೊಡಲ್ಲ, ಅಧಿಕಾರವನ್ನು ಕೊಡುತ್ತಾರೆ. ವ್ಯಾಪ್ತಿಗೆ ‘ಬರುತ್ತದೆ’, ಅಧಿಕಾರ ‘ಇರುತ್ತದೆ’. ಇವರ ಪತ್ರದಲ್ಲಿ ಆ ಸಾಲು ಇರಲಿಲ್ಲ, ಅದು ಬೇರೆ ಮಾತು.

ಇನ್ನೊಂದು ಪದವೂ ಕಾಡಿತು. ನಮ್ಮಲ್ಲಿ ಜಮೀನಿನ ಒಡೆತನಕ್ಕೆ ಮಾಲ್ಕಿ ಅಂತೀವಿ. ಆ ರೂಢಿಯಲ್ಲೇ ಅವರನ್ನು “ಈ ಆವಿಷ್ಕಾರದ ಮಾಲಕರು ಯಾರು?” ಅಂತ ಕೇಳಿಬಿಟ್ಟೆ. ಥಟ್ಟನೆ ಫೌಂಡ್ರಿಯ ಧಣಿಯ ಹೆಸರು ಹೇಳಿದರು! ಅವರಿಗೆ ಮಾಲಕರು ಅಂದರೆ ಕೆಲಸ ಕೊಟ್ಟವರು. ಪ್ರಶ್ನೆಯಲ್ಲೇ ಉತ್ತರ ತುಂಬಿ ಕೇಳಿದ ಹಾಗಾಯ್ತು. ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ನೌಕರನ ಆವಿಷ್ಕಾರಕ್ಕೇ ಅಂತ ಬೇರೆ ಕಲಮು ಇಲ್ಲ. ಜರ್ಮನಿಯಲ್ಲಿ 1957ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಇಲ್ಲಿ 6ನೇ ಕಲಮು ಅರ್ಜಿ ಹಾಕುವ ಹಕ್ಕನ್ನು ನಿಜವಾದ ಮೊದಲ ಆವಿಷ್ಕಾರಕನಿಗೆ, ಇಲ್ಲವೇ ಅವನಿಂದ ಹಕ್ಕು ಬರೆಸಿಕೊಂಡವರಿಗೆ ಕೊಡುತ್ತದೆ. ಹಾಗಾಗಿ ಬರೆದುಕೊಟ್ಟಿದ್ದಾರೋ ಇಲ್ಲವೋ ಅನ್ನೋದರ ಮೇಲೆ ಬಹಳಷ್ಟು ನಿಂತಿದೆ. ಅಂಥ ಕಡೆ ‘ಮಾಲಕ’ ಬೇಡವೇ ಬೇಡ. ‘ಹಕ್ಕುದಾರ’ ಅಂತ ಬದಲಾಯಿಸಿದ್ದೇನೆ.

ಆದೇಶದ ಸಾಲನ್ನೂ ತಿದ್ದಿದೆ: ‘ಈ ಬಗೆಯ ವಿವಾದವನ್ನು ವಿಚಾರಿಸುವ ಅಧಿಕಾರ ಈ ನ್ಯಾಯಾಲಯಕ್ಕಿಲ್ಲ.’ ಅವರು ಎರಡು ಸಲ ಓದಿ, “ಹಂಗಾದ್ರ ಊರು ಇದ, ಕೋರ್ಟ್ ಬ್ಯಾರೆ” ಅಂದರು. ನನ್ನ ಇಡೀ ಪತ್ರದ ಸಾರ ಅಷ್ಟರಲ್ಲೇ ಮುಗಿಸಿಬಿಟ್ಟರು.

ಈಗ ನನ್ನ ಪ್ರಶ್ನೆ. ‘ವಿಚಾರಣಾಧಿಕಾರ’ ಅಂದರೆ ಸಾಕ್ಷಿ ಹೇಳಿಕೆ ಪಡೆಯುವ ತನಿಖಾಧಿಕಾರಿಯ ಅಧಿಕಾರ ಅಂತ ಯಾರಾದರೂ ತಿಳಿದುಕೊಳ್ಳುತ್ತಾರಾ? ಹೈಕೋರ್ಟಿನ ಕಲಬುರಗಿ ಪೀಠದ ಕಡೆಯವರು, ವಿಜಯಪುರದವರು, ನಿಮ್ಮ ಕೋರ್ಟಿನಲ್ಲಿ ಶಿರಸ್ತೇದಾರರು ಬಾಯಿಮಾತಿನಲ್ಲಿ ಇದಕ್ಕೆ ಏನಂತಾರೆ? ಹಳೆಯ ಮುಂಬಯಿ ಪ್ರಾಂತದ ಕನ್ನಡ ದಸ್ತಾವೇಜು ಯಾರ ಹತ್ತಿರವಾದರೂ ಇದ್ದರೆ, ಅದರಲ್ಲಿ ಯಾವ ಪದ ಇದೆ ಅಂತ ನೋಡಿ ಹೇಳಿ. ಆದೇಶದ ಪ್ರತಿ ಸೋಮವಾರ ವಕೀಲರಿಗೆ ಕೊಡಬೇಕು.